ಪಬ್ಲಿಕ್ ಐಪಿ ಇಲ್ಲದೆ ಮನೆ ಪಿಸಿಗೆ ರಿಮೋಟ್: ನನ್ನ ಅನುಭವ

ಸಿಜಿನ್ಯಾಟ್ (ಇಂಟರ್ನೆಟ್ ಕಂಪನಿ ಒಂದೇ ಪಬ್ಲಿಕ್ ಐಪಿಯನ್ನು ಹಲವು ಮನೆಗಳಿಗೆ ಹಂಚುವ ವ್ಯವಸ್ಥೆ) ಹಿಂದೆ ಕೂತಿರುವ ಪಿಸಿಗೆ ಹೊರಗಿನಿಂದ ಹೋಗೋಕೆ ಆಗಲ್ಲ, ಸ್ಟ್ಯಾಟಿಕ್ ಐಪಿಗೆ ದುಡ್ಡು ಕಟ್ಟು, ಇಲ್ಲಾಂದ್ರೆ ಚಂದಾ ಕೊಟ್ಟು ಯಾವುದಾದರೂ ರಿಮೋಟ್ ಆ್ಯಪ್ ಹಾಕಿಕೋ ಅಂತ ಕೇಳಿದವರೆಲ್ಲ ಹೇಳಿದರು. ಎರಡನ್ನೂ ಮಾಡಲಿಲ್ಲ. ಈಗ ಫೋನಿನಿಂದಲೇ ಪಿಸಿ ಎಬ್ಬಿಸುತ್ತೇನೆ, ಲ್ಯಾಪ್‌ಟಾಪಿನಲ್ಲಿ ಡೆಸ್ಕ್‌ಟಾಪ್ ತೆರೆದು ಕೆಲಸ ಮುಗಿಸುತ್ತೇನೆ, ಮತ್ತೆ ಮಲಗಿಸುತ್ತೇನೆ. ಮನೆ ರೂಟರ್‌ನಲ್ಲಿ ಒಂದೇ ಒಂದು ಪೋರ್ಟೂ ತೆರೆದಿಲ್ಲ. ಒಂದು ವರ್ಷಕ್ಕೂ ಜಾಸ್ತಿ ಆಯಿತು, ಗಟ್ಟಿಯಾಗಿ ನಡೀತಾ ಇದೆ.

ಮೊದಲು ಎಲ್ಲರಂತೆ ಪೋರ್ಟ್ ಫಾರ್ವರ್ಡಿಂಗ್, ಅಂದರೆ ಹೊರಗಿನಿಂದ ಬಂದದ್ದನ್ನು ರೂಟರ್ ನೇರ ಪಿಸಿಗೆ ಕಳಿಸುವ ದಾರಿ, ನೋಡಿದೆ. ರೂಟರ್‌ನ ವ್ಯಾನ್ (ಹೊರಗಿನ) ವಿಳಾಸ 100.70 ಚಿಲ್ಲರೆಯಿಂದ ಶುರುವಾಗಿತ್ತು. 100.64ರಿಂದ 100.127ರವರೆಗಿನ ವಿಳಾಸ ಕಂಡರೆ ಅಲ್ಲಿಗೆ ಕಥೆ ಮುಗಿಯಿತು, ಅದನ್ನು 2012ರಲ್ಲೇ ಸಿಜಿನ್ಯಾಟ್‌ಗೆ ಅಂತ ಮೀಸಲಿಟ್ಟಿದ್ದಾರೆ. ಡಿಡಿಎನ್‌ಎಸ್ (ಬದಲಾಗುವ ಐಪಿಗೆ ಒಂದು ಖಾಯಂ ಹೆಸರು) ಹಾಕಿದರೂ ಹೆಸರು ಹೋಗಿ ನಿಲ್ಲುವುದು ಸೇವೆ ಕೊಡುವವರ ಪೆಟ್ಟಿಗೆಯ ಮುಂದೆ, ನಮ್ಮ ಮನೆ ಬಾಗಿಲಿಗೆ ಅಲ್ಲ. ಒಂದು ಲೆಕ್ಕದಲ್ಲಿ ಒಳ್ಳೆಯದೇ ಆಯಿತು. ಪಬ್ಲಿಕ್ ಐಪಿ ಇರುವ ಗೆಳೆಯನೊಬ್ಬ ಆರ್‌ಡಿಪಿಯ (ವಿಂಡೋಸ್‌ನ ರಿಮೋಟ್ ಡೆಸ್ಕ್‌ಟಾಪ್) ಪೋರ್ಟ್ 3389 ಅನ್ನು ನೇರವಾಗಿ ತೆರೆದಿದ್ದ. ಅವನ ಈವೆಂಟ್ ವ್ಯೂವರ್ ತೆರೆದು ತೋರಿಸಿದೆ, ಪುಟ ಪೂರ್ತಿ 4625, ಅಂದರೆ ಸೋತ ಲಾಗಿನ್‌ಗಳು, ನಿಮಿಷಕ್ಕೆ ಹತ್ತಾರು. ಪೋರ್ಟ್ ನಂಬರ್ ಬದಲಿಸಿದರೆ ಗಲಾಟೆ ಕಮ್ಮಿಯಾಗುತ್ತದೆ, ನಿಲ್ಲುವುದಿಲ್ಲ. 2019ರ ಬ್ಲೂಕೀಪ್ ಅನ್ನುವ ಆರ್‌ಡಿಪಿ ದೋಷದಿಂದ ನುಗ್ಗಲು ಪಾಸ್‌ವರ್ಡೇ ಬೇಕಿರಲಿಲ್ಲ ಅನ್ನುವುದು ನೆನಪಿರಲಿ.

ಐಪಿವಿ6 (ಪ್ರತಿ ಸಾಧನಕ್ಕೂ ಸ್ವಂತ ಪಬ್ಲಿಕ್ ವಿಳಾಸ ಕೊಡಬಲ್ಲ ಹೊಸ ಐಪಿ) ಮೇಲೆ ತುಂಬಾ ಆಸೆ ಇತ್ತು. ಮನೆಯಲ್ಲಿ ಬರುತ್ತದೆ, ವಿಳಾಸವೂ ಅಸಲಿ. ಆದರೆ ಪ್ರಿಫಿಕ್ಸ್, ಅಂದರೆ ವಿಳಾಸದ ಮೊದಲ ಭಾಗ, ಆಗಾಗ ಬದಲಾಗುತ್ತದೆ, ಮೇಲಾಗಿ ನಾನು ಕೂರುವ ಜಾಗಗಳಲ್ಲಿ ಅರ್ಧಕ್ಕರ್ಧ ಕಡೆ ಐಪಿವಿ6 ಇಲ್ಲವೇ ಇಲ್ಲ. ಬೇಕಾದಾಗ ಸಿಗದಿದ್ದರೆ ಏನು ಪ್ರಯೋಜನ?

ಆಮೇಲೆ ಒಂದು ಹೆಸರಾಂತ ಆ್ಯಪ್‌ನ ಉಚಿತ ಆವೃತ್ತಿ. ಕೆಲವು ವಾರ ಚೆನ್ನಾಗಿತ್ತು, ಆಮೇಲೆ ನೀವು ವ್ಯಾಪಾರಕ್ಕೆ ಬಳಸುತ್ತಿದ್ದೀರಿ ಅಂತ ತಾನೇ ತೀರ್ಮಾನ ಮಾಡಿ ಐದು ನಿಮಿಷಕ್ಕೊಮ್ಮೆ ಕತ್ತರಿಸತೊಡಗಿತು. ಅವರ ವರ್ಷದ ಚಂದಾ ನೋಡಿದೆ. ಆ ದುಡ್ಡಿನಲ್ಲಿ ಪಬ್ಲಿಕ್ ಐಪಿ ಇರುವ ಸಣ್ಣ ವಿಪಿಎಸ್ (ಇಂಟರ್ನೆಟ್‌ನಲ್ಲಿ ಬಾಡಿಗೆಗೆ ಸಿಗುವ ಸರ್ವರ್) ಒಂದನ್ನು ಮೂರು ವರ್ಷದ ಹತ್ತಿರ ಬಾಡಿಗೆಗೆ ಇಟ್ಟುಕೊಳ್ಳಬಹುದು. ಅಲ್ಲಿಂದಲೇ ದಾರಿ ಬದಲಾಯಿತು: ಹೊರಗಿನಿಂದ ಮನೆಗೆ ನುಗ್ಗುವ ಯೋಚನೆ ಬಿಟ್ಟು, ಮನೆಯೇ ಹೊರಗೆ, ಆ ವಿಪಿಎಸ್‌ಗೆ ಬಂದು ಕಾಯಲಿ.

ಮೊದಲ ಸುತ್ತು ರಿವರ್ಸ್ ಎಸ್‌ಎಸ್‌ಎಚ್ (ಮನೆಯಿಂದ ಸರ್ವರ್‌ಗೆ ಎನ್‌ಕ್ರಿಪ್ಟ್ ಆದ ದಾರಿ), ಕಡಿದರೆ ಮತ್ತೆ ಜೋಡಿಸುವ ಆಟೋಎಸ್‌ಎಸ್‌ಎಚ್ ಜೊತೆ. ಕೆಲಸ ಮಾಡಿತು. ಆದರೆ ಮನೆ ಲೈನ್ ಒಮ್ಮೆ ಹೋಗಿ ಬಂದರೆ ಸರ್ವರ್ ಹಳೆ ಸೆಷನ್ನನ್ನೇ ಹಿಡಿದು ಕೂರುತ್ತದೆ, ಪೋರ್ಟ್ ಖಾಲಿ ಇಲ್ಲ ಅಂತ ಹೊಸದನ್ನು ಒಳಗೆ ಬಿಡುವುದಿಲ್ಲ. ಸರ್ವರ್ ಕಡೆ ಕ್ಲೈಂಟ್ ಅಲೈವ್ ಇಂಟರ್ವಲ್ 30, ಕೌಂಟ್ ಮ್ಯಾಕ್ಸ್ 3, ಅಂದರೆ 30 ಸೆಕೆಂಡಿಗೊಮ್ಮೆ ವಿಚಾರಿಸಿ ಮೂರು ಸಲ ಉತ್ತರ ಬರದಿದ್ದರೆ ಕಡಿಯುವಂತೆ, ಹಾಕಿದ ಮೇಲೆ ಅದು ಸರಿಹೋಯಿತು. ಸರಿಹೋಗದೆ ಉಳಿದದ್ದು ಎಲ್ಲವೂ ಒಂದೇ ಟಿಸಿಪಿ ಸಂಪರ್ಕದಲ್ಲಿ ಸಾಲಾಗಿ ಹೋಗುವ ತೊಂದರೆ, ಲೈನಿನಲ್ಲಿ ನಾಲ್ಕು ಪ್ಯಾಕೆಟ್ ಬಿದ್ದುಹೋದರೆ ಸಾಕು, ಮೌಸ್ ನಿಂತಲ್ಲೇ ನಿಲ್ಲುತ್ತಿತ್ತು.

ಕೊನೆಗೆ ವೈರ್‌ಗಾರ್ಡ್, ಅಂದರೆ ಸಾಧನಗಳ ನಡುವೆ ಖಾಸಗಿ ಟನಲ್ ಕಟ್ಟುವ ವಿಪಿಎನ್. 2020ರಲ್ಲಿ ಲಿನಕ್ಸ್ 5.6 ಕರ್ನಲ್‌ನಲ್ಲೇ ಸೇರಿಕೊಂಡಿದೆ, ಹಾಗಾಗಿ ಅತಿ ಸಣ್ಣ ವಿಪಿಎಸ್ ಸಾಕು. ನನ್ನದು ಒಂದು ಕೋರ್, ಅರ್ಧ ಜಿಬಿ ರ‍್ಯಾಮ್, ಅದರಲ್ಲೂ ಮುಕ್ಕಾಲು ಭಾಗ ಸುಮ್ನೆ ಖಾಲಿ. ಸರಿಯಾದ ಕೀ ಇಲ್ಲದೆ ಯಾರಾದರೂ ತಟ್ಟಿದರೆ ವೈರ್‌ಗಾರ್ಡ್ ಉತ್ತರವನ್ನೇ ಕೊಡುವುದಿಲ್ಲ, ಸ್ಕ್ಯಾನ್ ಮಾಡುವವರಿಗೆ ಅಲ್ಲಿ ಏನೋ ಇದೆ ಅಂತಲೂ ಗೊತ್ತಾಗುವುದಿಲ್ಲ. ನನಗೆ ಅದರಲ್ಲಿ ಅತ್ಯಂತ ಇಷ್ಟವಾದ ಗುಣ ಇದು. ಮನೆ ಕಡೆಯ ಪೀರ್‌ಗೆ (ಟನಲ್‌ನ ತುದಿಗೆ) ಪರ್ಸಿಸ್ಟೆಂಟ್ ಕೀಪ್‌ಅಲೈವ್ 25, ಅಂದರೆ 25 ಸೆಕೆಂಡಿಗೊಮ್ಮೆ ಒಂದು ಪ್ಯಾಕೆಟ್, ಹಾಕಲೇಬೇಕು, ಇಲ್ಲದಿದ್ದರೆ ನ್ಯಾಟ್ ದಾರಿಯನ್ನು ಮರೆತುಬಿಡುತ್ತದೆ. ವಿಪಿಎಸ್ ಎಲ್ಲಿದೆ ಅನ್ನುವುದು ಬೆಲೆಗಿಂತ ಮುಖ್ಯ. ಅಗ್ಗ ಅಂತ ದೂರದ್ದು ತಗೊಂಡಿದ್ದಾಗ 180 ಮಿಲಿಸೆಕೆಂಡ್ ಆಸುಪಾಸು ಇತ್ತು, ಹತ್ತಿರದ್ದಕ್ಕೆ ಬದಲಿಸಿದ ಮೇಲೆ ಮೂವತ್ತು ಮೂವತ್ತೈದು. ಟೈಪ್ ಮಾಡುವಾಗ ವ್ಯತ್ಯಾಸ ಬೆರಳಿಗೇ ಗೊತ್ತಾಗುತ್ತದೆ.

ತಲೆ ತಿಂದದ್ದು ಎಂಟಿಯು, ಅಂದರೆ ಒಂದು ಪ್ಯಾಕೆಟ್‌ನ ಗರಿಷ್ಠ ಗಾತ್ರ. ವೈಫೈನಲ್ಲಿ ಎಲ್ಲ ಸರಿ. ಫೋನಿನ ಹಾಟ್‌ಸ್ಪಾಟ್‌ಗೆ ಬಂದರೆ ಆರ್‌ಡಿಪಿ ಪಾಸ್‌ವರ್ಡ್ ಕೇಳುತ್ತದೆ, ತಗೊಳ್ಳುತ್ತದೆ, ಆಮೇಲೆ ಬರೀ ಕಪ್ಪು ಪರದೆ. ಪಿಂಗ್ ಹೋಗುತ್ತದೆ, ಎಸ್‌ಎಸ್‌ಎಚ್ ಹೋಗುತ್ತದೆ, ಚಿತ್ರ ಮಾತ್ರ ಬರುವುದಿಲ್ಲ. ಸಣ್ಣ ಪ್ಯಾಕೆಟ್ ದಾಟುತ್ತಿತ್ತು, ದೊಡ್ಡದು ದಾರಿಯಲ್ಲೇ ಸಾಯುತ್ತಿತ್ತು. ತಾನಾಗಿ ಬರುವ 1420 ತೆಗೆದು ಎರಡೂ ಕಡೆ 1280 ಮಾಡಿದ ಕ್ಷಣ ಡೆಸ್ಕ್‌ಟಾಪ್ ಮೂಡಿತು. ಇನ್ನೊಂದು ವಿಷಯ, ಮನೆಯಲ್ಲೂ 192.168.1, ಹೋದ ಕಡೆಯಲ್ಲೂ 192.168.1 ಇದ್ದರೆ ಪ್ಯಾಕೆಟ್ ಟನಲ್ ಹತ್ತುವುದೇ ಇಲ್ಲ. ಮನೆಯದನ್ನು 10ರಿಂದ ಶುರುವಾಗುವ, ಯಾರೂ ಬಳಸದಂಥ ರೇಂಜ್‌ಗೆ ಬದಲಿಸಿ ನಿಶ್ಚಿಂತೆಯಾಗಿರಿ.

ಈಗ ಕರೆಂಟ್ ಲೆಕ್ಕ, ಇದನ್ನು ಯಾರೂ ಹೇಳುವುದಿಲ್ಲ. ನನ್ನ ಪಿಸಿ ಸುಮ್ನೆ ಕೂತಿದ್ದರೂ 60 ವ್ಯಾಟ್ ತಿನ್ನುತ್ತದೆ, ಹಗಲು ರಾತ್ರಿ ಬಿಟ್ಟರೆ ತಿಂಗಳಿಗೆ 43 ಯೂನಿಟ್. ವಿಪಿಎಸ್ ಬಾಡಿಗೆಗಿಂತ ಇದೇ ಜಾಸ್ತಿ ಆಗುತ್ತಿತ್ತು. ಅದಕ್ಕೆ ವೈರ್‌ಗಾರ್ಡ್ ಹಾಕಿದ್ದು ಪಿಸಿಯಲ್ಲಿ ಅಲ್ಲ, 3 ವ್ಯಾಟ್ ಎಳೆಯುವ ರಾಸ್‌ಬೆರಿ ಪೈ ಅನ್ನುವ ಹಳೆ ಪುಟ್ಟ ಕಂಪ್ಯೂಟರ್‌ನಲ್ಲಿ, ತಿಂಗಳಿಗೆ ಎರಡು ಯೂನಿಟ್ ಚಿಲ್ಲರೆ. ಪೈ ಸದಾ ಎಚ್ಚರ, ಪಿಸಿ ನಿದ್ದೆಯಲ್ಲಿ. ಪಿಸಿ ಎಬ್ಬಿಸುವ ವೇಕ್ ಆನ್ ಲ್ಯಾನ್‌ನ ಮ್ಯಾಜಿಕ್ ಪ್ಯಾಕೆಟ್ ಬ್ರಾಡ್‌ಕಾಸ್ಟ್ (ಒಂದೇ ನೆಟ್‌ವರ್ಕ್‌ನ ಎಲ್ಲರಿಗೂ ಹೋಗುವಂಥದ್ದು) ಆದ್ದರಿಂದ ಟನಲ್ ದಾಟುವುದಿಲ್ಲ, ಅದನ್ನು ಮನೆಯೊಳಗಿಂದ ಪೈ ಕಳಿಸುತ್ತದೆ. ಇದಕ್ಕೆ ಬಯಾಸ್‌ನಲ್ಲಿ ಇಆರ್‌ಪಿ (ಪಿಸಿ ಆಫ್ ಇದ್ದಾಗ ಕರೆಂಟ್ ಉಳಿಸುವ ಸೆಟ್ಟಿಂಗ್) ಆಫ್, ವಿಂಡೋಸ್‌ನಲ್ಲಿ ಫಾಸ್ಟ್ ಸ್ಟಾರ್ಟ್ಅಪ್ ಆಫ್, ಕೇಬಲ್ ಹಾಕಿದ ಲ್ಯಾನ್. ವೈಫೈನಲ್ಲೂ ಎಬ್ಬಿಸಲು ಒದ್ದಾಡಿದೆ, ನನ್ನ ಕಾರ್ಡಿನಲ್ಲಿ ಆಗಲೇ ಇಲ್ಲ. ಪಿಸಿ ಹ್ಯಾಂಗ್ ಆದಾಗಿನ ಕೊನೆ ಅಸ್ತ್ರ ಸ್ಮಾರ್ಟ್ ಪ್ಲಗ್: ಕರೆಂಟ್ ಕತ್ತರಿಸಿ ಕೊಟ್ಟರೆ ತಾನೇ ಆನ್ ಆಗುವಂತೆ ಬಯಾಸ್‌ನಲ್ಲಿ ಇಟ್ಟಿದ್ದೇನೆ.

ಮತ್ತೆ ಮಲಗಿಸುವುದು ಇದಕ್ಕಿಂತ ಕಷ್ಟ, ಯಾಕೆಂದರೆ ರೆಂಡರ್ ನಡೆಯುತ್ತಿರುವಾಗ ಮಲಗಿಬಿಟ್ಟರೆ ರಾತ್ರಿಯ ಕೆಲಸವೆಲ್ಲ ಹೋಯಿತು. ಅದನ್ನು ಕಂಡುಹಿಡಿಯುವ ಸ್ಕ್ರಿಪ್ಟ್ ನಾನೇ ಬರೆದದ್ದು, ಅದು ನನ್ನ ಹತ್ತಿರವೇ ಇರಲಿ. ಸುಳಿವು ಮಾತ್ರ ಕೊಡುತ್ತೇನೆ: ಜಿಪಿಯು ಲೋಡ್ ನಂಬಬೇಡಿ, ಡಿಸ್ಕಿಗೆ ಏನು ಬರೆಯುತ್ತಿದೆ ನೋಡಿ.

ಕರೆಂಟ್ ಹೋಗಿ ಬಂದಾಗ ಪೈ ರೂಟರ್‌ಗಿಂತ ಬೇಗ ಏಳುತ್ತದೆ. ಆಗ ಡಿಎನ್‌ಎಸ್ (ಹೆಸರಿನಿಂದ ಐಪಿ ಹುಡುಕುವ ಸೇವೆ) ಸಿಗದೆ ಟನಲ್ ಬಿದ್ದೇ ಇರುತ್ತಿತ್ತು. ಎಂಡ್‌ಪಾಯಿಂಟ್ ಜಾಗದಲ್ಲಿ ಹೆಸರಿನ ಬದಲು ವಿಪಿಎಸ್ ಐಪಿಯನ್ನೇ ಬರೆದೆ, ಮುಗಿಯಿತು.

ನಡುವೆ ಪಿಸಿಯ ಗೇಮ್ ಸ್ಟ್ರೀಮ್ ಮಾಡುವ ಮೂನ್‌ಲೈಟ್, ಸನ್‌ಶೈನ್ ಹಾಕಿ ಗೇಮ್ ಕೂಡ ಆಡಿ ನೋಡಿದೆ. ಮಾನಿಟರ್ ಆಫ್ ಇದ್ದರೆ ಚಿತ್ರವೇ ಬರುತ್ತಿರಲಿಲ್ಲ, ಮಾನಿಟರ್ ಇದೆ ಅಂತ ಪಿಸಿಯನ್ನು ನಂಬಿಸುವ ಎಚ್‌ಡಿಎಂಐ ಡಮ್ಮಿ ಪ್ಲಗ್ ಚುಚ್ಚಿದ ಮೇಲೆ ಬಂತು. ಆದರೆ 10 ಎಂಬಿಪಿಎಸ್ ಅಂದರೆ ಗಂಟೆಗೆ 4.5 ಜಿಬಿ, ವಿಪಿಎಸ್‌ನ ತಿಂಗಳ ಕೋಟಾ ಕರಗುತ್ತದೆ. ಆರ್‌ಡಿಪಿ ಕೆಲಸಕ್ಕೆ ಗಂಟೆಗೆ ನೂರಿನ್ನೂರು ಎಂಬಿ ಸಾಕು.

ಇಂಥ ಟನಲ್ ಸಿದ್ಧವಾಗಿ ಕೊಡುವ ಟೈಲ್‌ಸ್ಕೇಲ್ ಸೇವೆ ಹಾಕಿದ್ರೆ ಹತ್ತು ನಿಮಿಷದ ಕೆಲಸ ಅಲ್ವಾ ಅಂತ ಕೇಳುತ್ತೀರಿ, ಗೊತ್ತು. ಹೌದು, ಚೆನ್ನಾಗಿದೆ, ಒಳಗಿರುವುದೂ ವೈರ್‌ಗಾರ್ಡೇ. ಆದರೆ ನನಗೆ ಕೀಗಳೂ ಸರ್ವರೂ ನನ್ನ ಕೈಯಲ್ಲೇ ಇರಬೇಕಿತ್ತು. 3389 ತೆರೆದಿಟ್ಟಿದ್ದ ಆ ಗೆಳೆಯನೂ ಈಗ ಅದನ್ನು ಮುಚ್ಚಿ ನನ್ನ ವಿಪಿಎಸ್‌ಗೇ ಪೀರ್ ಆಗಿ ಬಂದಿದ್ದಾನೆ. ಅವನ ಮನೆಗೂ ನನ್ನ ಮನೆಗೂ ನಡುವೆ ಫೈರ್‌ವಾಲ್ ನಿಯಮ ಹಾಕಿ ಬೇರೆ ಮಾಡಿದ್ದೇನೆ, ಬಾಡಿಗೆ ಅರ್ಧ ಅರ್ಧ.