ಒಡೆಯರಿಂದಲ್ಲ, ಒಕ್ಕಲುಗಳಿಂದ: ಬಾರಾ ದ್ವೀಪ ಮತ್ತು ಕಿಶ್ಮುಲ್ ಕೋಟೆಯ ಚರಿತ್ರೆಯನ್ನು ನಾನು ಓದಿಕೊಂಡ ಬಗೆ

ಸ್ಕಾಟ್ಲೆಂಡಿನ ಪಶ್ಚಿಮಕ್ಕೆ, ಅಟ್ಲಾಂಟಿಕ್ ಕಡಲಿನಲ್ಲಿ ಬಾರಾ ಅಂತ ಒಂದು ದ್ವೀಪ ಇದೆ. ಪಕ್ಕದ ವಾಟರ್ಸೆಯನ್ನು ಸೇರಿಸಿದರೂ ಜನ ಸುಮಾರು 1,200. ಓಬನ್ ಊರಿನಿಂದ ದೊಡ್ಡ ದೋಣಿಯಲ್ಲಿ ಹೆಚ್ಚುಕಡಿಮೆ ಐದು ಗಂಟೆಯ ದಾರಿ. ವಿಮಾನವೂ ಉಂಟು, ಆದರೆ ಅದು ಇಳಿಯುವುದು ಕಡಲತೀರದ ಮರಳಿನ ಮೇಲೆ, ಹಾಗಾಗಿ ವೇಳಾಪಟ್ಟಿಯನ್ನು ಉಬ್ಬರ ಇಳಿತ ನೋಡಿಕೊಂಡೇ ಮಾಡಿರುತ್ತಾರೆ. ದಕ್ಷಿಣದ ಕೊಲ್ಲಿಯಲ್ಲಿ ಕ್ಯಾಸಲ್‌ಬೇ ಅನ್ನುವ ಊರು. ಅದರೆದುರಿಗೆ, ನೀರಿನ ನಡುವಿನ ಬಂಡೆಯ ಮೇಲೆ ಕಿಶ್ಮುಲ್ ಕೋಟೆ.

ನಾನು ಗ್ಲಾಸ್ಗೋದಲ್ಲಿ ಕೆಲಸದಲ್ಲಿದ್ದೇನೆ. ಬಿಡುವಿದ್ದಾಗ ಇಲ್ಲಿನ ಊರುಗಳ ಚರಿತ್ರೆಯನ್ನು ಕನ್ನಡದಲ್ಲಿ ಬರೆದಿಡುವುದು ನನಗೆ ಇಷ್ಟ. ಬಾರಾದ ಬಗ್ಗೆ ಹುಡುಕಿದರೆ ಸಿಗುವುದೆಲ್ಲ ಮಕ್‌ನೀಲ್ ಮನೆತನದ ಒಡೆಯರ ಕತೆ. ಕಡಲುಗಳ್ಳತನ ಮಾಡಿದ ಮಕ್‌ನೀಲ್, ಊಟ ಮುಗಿಸಿದ ಮೇಲೆ ಕೋಟೆಯ ಮೇಲಿಂದ ಕಹಳೆ ಊದಿಸಿ "ಇನ್ನು ಲೋಕದ ರಾಜರು ಊಟಕ್ಕೆ ಕೂರಬಹುದು" ಅಂತ ಸಾರಿಸುತ್ತಿದ್ದ ಮಕ್‌ನೀಲ್, ಹೀಗೆ. ಚೆನ್ನಾಗಿದೆ. ಆದರೆ ದ್ವೀಪದ ಉಳಿದವರು ಏನು ಉಂಡರು ಅನ್ನುವುದು ಅದರಿಂದ ಗೊತ್ತಾಗುವುದಿಲ್ಲ ಅಲ್ವಾ? ಅದಕ್ಕೇ ನಾನು ಒಕ್ಕಲುಗಳಿಂದ ಶುರು ಮಾಡಿದೆ. ಕೋಟೆಗೆ ಆಮೇಲೆ ಬಂದೆ. ಹಾಗೆ ಬಂದಾಗ ಕೋಟೆಯೂ ಜಾಸ್ತಿ ಅರ್ಥವಾಯಿತು.

ಮೊದಲು ಹಿಡಿದದ್ದು ಮಾರ್ಟಿನ್ ಮಾರ್ಟಿನ್ ಅನ್ನುವವನ ಬರಹವನ್ನು. ಅವನು ಸ್ಕೈ ದ್ವೀಪದವನು, ಗೇಲಿಕ್ ಮಾತನಾಡುವವನು, 17ನೇ ಶತಮಾನದ ಕೊನೆಯಲ್ಲಿ ಈ ದ್ವೀಪಗಳನ್ನೆಲ್ಲ ಸುತ್ತಿದವನು. ಬರಹ ಅಚ್ಚಾದದ್ದು 1703ರಲ್ಲಿ, ಈಗ ಬಿಟ್ಟಿಯಾಗಿ ಓದಲು ಸಿಗುತ್ತದೆ. ಒಡೆಯ ಊರಲ್ಲಿಲ್ಲದಾಗ ಅವನು ಕಿಶ್ಮುಲ್ ನೋಡಲು ಹೋಗುತ್ತಾನೆ. ದೋಣಿಯಲ್ಲಿ ದಾಟಿಸು ಅಂತ ಕಾವಲುಗಾರನನ್ನು ಕೇಳಿದರೆ, ನಾನು ಸಣ್ಣ ನೌಕರ, ಗೋಡೆಯ ಮೇಲೆ ನಿಂತಿರುವ ಮೇಲಿನವರು ಒಪ್ಪಿದರೆ ದಾಟಿಸುತ್ತೇನೆ ಅನ್ನುತ್ತಾನೆ. ಅವರು ಒಪ್ಪುವುದಿಲ್ಲ. ಕೋಟೆಯ ವಿವರ ಬರೆದುಕೊಂಡು ಹೋಗಿ ಏನಾದರೂ ಮಾಡಿಯಾನು ಅನ್ನುವ ಅನುಮಾನ. ನಾನು ಹೋದಾಗಲೂ ದುರಸ್ತಿ ಕೆಲಸದ ಕಾರಣಕ್ಕೆ ಯಾರನ್ನೂ ಒಳಗೆ ಬಿಡುತ್ತಿರಲಿಲ್ಲ, ಹಾಗಾಗಿ ಅವನು ನೋಡಿದಂತೆಯೇ ನಾನೂ ದಡದಲ್ಲಿ ನಿಂತು ನೋಡಿದೆ. ಆ ಎತ್ತರದ ಸುತ್ತುಗೋಡೆ, ಅದಕ್ಕೆ ಅಂಟಿಕೊಂಡ ಗೋಪುರ, ಬಂಡೆಯ ಅಂಚಿಗೇ ಬಂದು ಬಡಿಯುವ ನೀರು. ದೋಣಿ ಇಲ್ಲದೆ ಯಾರೂ ಹತ್ತಿರ ಸುಳಿಯುವ ಹಾಗಿಲ್ಲ.

ಆದರೆ ನನಗೆ ಅದಕ್ಕಿಂತ ಮುಖ್ಯವಾಗಿ ಕಂಡದ್ದು ಅದೇ ಬರಹದ ಇನ್ನೊಂದು ಭಾಗ. ಒಕ್ಕಲಿನವನ ಹೆಂಡತಿ ತೀರಿಕೊಂಡರೆ ಅವನು ಒಡೆಯನ ಹತ್ತಿರ ಹೋಗಿ, ಮನೆ ನಡೆಯುತ್ತಿಲ್ಲ, ಒಬ್ಬಳನ್ನು ನೋಡಿಕೊಡಿ ಅನ್ನುತ್ತಿದ್ದ. ಒಡೆಯ ಹೆಣ್ಣು ಗೊತ್ತು ಮಾಡುತ್ತಿದ್ದ. ಗಂಡ ಸತ್ತವಳಿಗೂ ಹಾಗೇ. ಚಳಿಗೆ ಸಿಕ್ಕಿ ಹಾಲು ಕೊಡುವ ಹಸು ಸತ್ತರೆ ಅಷ್ಟೇ ಹಸು ಕೊಡುತ್ತಿದ್ದ. ಹೊಲ ಗೇಯಲಾಗದ ಮುದುಕರನ್ನು ತನ್ನ ಮನೆಯಲ್ಲೇ ಇಟ್ಟುಕೊಂಡು ಸಾಯುವವರೆಗೂ ಸಾಕುತ್ತಿದ್ದ. ಇದರಲ್ಲಿ ಒಡೆಯನಿಗೂ ಲಾಭ ಇತ್ತು, ಜನ ಹೆಚ್ಚಿದಷ್ಟೂ ಅವನ ಬಲ ಹೆಚ್ಚು. ಆದರೂ ಕೊಡುವುದು ತೆಗೆದುಕೊಳ್ಳುವುದು ಎರಡೂ ಇದ್ದ ನಂಟು ಅದು. ಇದು ಮುರಿದದ್ದು ಯಾವಾಗ, ಹೇಗೆ ಅನ್ನುವುದೇ ನನಗೆ ಬಾರಾದ ಚರಿತ್ರೆ.

ಮುರಿದದ್ದು ಕಡಲಕಳೆಯಿಂದ. ತೀರದ ಕಡಲಕಳೆಯನ್ನು ಸುಟ್ಟರೆ ಸಿಗುವ ಬೂದಿ ಗಾಜು ಮತ್ತು ಸಾಬೂನು ಮಾಡಲು ಬೇಕಿತ್ತು. ನೆಪೋಲಿಯನ್ ಯುದ್ಧದ ಕಾಲದಲ್ಲಿ ಹೊರಗಿನ ಸರಕು ನಿಂತು ಅದಕ್ಕೆ ಒಳ್ಳೆ ಬೆಲೆ ಬಂತು. ಒಡೆಯರಿಗೆ ಜನ ಬೇಕಾಯಿತು, ಸಣ್ಣ ಸಣ್ಣ ತುಂಡು ಹೊಲ ಕೊಟ್ಟು ಕೂರಿಸಿದರು. ಯುದ್ಧ ಮುಗಿದ ಮೇಲೆ ಬೆಲೆ ಬಿತ್ತು. ಅಷ್ಟು ಹೊತ್ತಿಗೆ ಮಕ್‌ನೀಲರು ಕೋಟೆ ಬಿಟ್ಟು ದ್ವೀಪದ ಉತ್ತರದ ಇಯೋಲಿಗ್ಯಾರಿಯಲ್ಲಿ ಹೊಸ ಮನೆ ಕಟ್ಟಿಕೊಂಡಿದ್ದರು. ಸಾಲದಲ್ಲಿ ಮುಳುಗಿ, 1838ರಲ್ಲಿ ಬಾರಾ ಕರ್ನಲ್ ಜಾನ್ ಗಾರ್ಡನ್ ಅನ್ನುವ ಹೊರಗಿನ ಧಣಿಯ ಕೈಗೆ ಹೋಯಿತು. 1846ರಲ್ಲಿ ಆಲೂಗಡ್ಡೆಗೆ ರೋಗ ಬಂತು. ತುಂಡು ಹೊಲದಲ್ಲಿ ಆಲೂಗಡ್ಡೆ ಬಿಟ್ಟರೆ ಬೇರೆ ಹೊಟ್ಟೆಪಾಡಿರಲಿಲ್ಲ.

1851ರಲ್ಲಿ ಗಾರ್ಡನ್ ಜನರನ್ನು ಒಕ್ಕಲೆಬ್ಬಿಸಿ ಹಡಗು ಹತ್ತಿಸಿದ. ಬಾರಾ ಮತ್ತು ನೆರೆಯ ಸೌತ್ ಯೂಯಿಸ್ಟ್ ದ್ವೀಪ ಸೇರಿ 1,500ಕ್ಕೂ ಹೆಚ್ಚು ಜನ ಕೆನಡಾದ ಕ್ವಿಬೆಕ್‌ಗೆ ಹೋದರು. ಸಭೆ ಇದೆ, ಬರದಿದ್ದರೆ ದಂಡ ಅಂತ ಕರೆಸಿ, ಓಡಿದವರನ್ನು ಹಿಡಿದು ಕಟ್ಟಿ ಹಡಗಿಗೆ ಸಾಗಿಸಿದರು ಅಂತ ಕಣ್ಣಾರೆ ಕಂಡವರ ಹೇಳಿಕೆಗಳಿವೆ.

ಇಲ್ಲಿ ನಾನು ಮಾಡಿದ ಕೆಲಸವನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಬೇರೆ ಯಾವ ದ್ವೀಪಕ್ಕಾದರೂ ಇದು ಉಪಯೋಗಕ್ಕೆ ಬರುತ್ತದೆ. ಬ್ರಿಟನ್ನಿನಲ್ಲಿ ಆ ವರ್ಷದ ಜನಗಣತಿ ನಡೆದದ್ದು ಮಾರ್ಚ್ 30ರ ರಾತ್ರಿಯ ಲೆಕ್ಕಕ್ಕೆ. ಹಡಗುಗಳು ಹೊರಟದ್ದು ಅದಾದ ಮೇಲೆ, ಬೇಸಿಗೆಯಲ್ಲಿ. ಅಂದರೆ ಹೊರದಬ್ಬಿಸಿಕೊಂಡ ಮನೆಗಳು 1851ರ ಗಣತಿಯಲ್ಲಿ ಹೆಸರು, ವಯಸ್ಸು, ಕಸುಬು ಸಮೇತ ಇವೆ. ಸ್ಕಾಟ್ಲೆಂಡ್ಸ್ ಪೀಪಲ್ ಅನ್ನುವ ಸರ್ಕಾರಿ ತಾಣದಲ್ಲಿ ದುಡ್ಡು ಕಟ್ಟಿ ಆ ಹಾಳೆಗಳನ್ನು ತೆರೆದೆ. ಪಕ್ಕದಲ್ಲಿ 1861ರ ಹಾಳೆ ಇಟ್ಟುಕೊಂಡೆ. ಒಂದೊಂದೇ ಮನೆ ನೋಡುತ್ತಾ ಹೋದೆ. ಅಪ್ಪ, ಅಮ್ಮ, ಐದಾರು ಮಕ್ಕಳು, ಜೊತೆಗೊಬ್ಬ ಅಜ್ಜಿ ಇದ್ದ ಮನೆ ಹತ್ತು ವರ್ಷದ ನಂತರ ಪಟ್ಟಿಯಲ್ಲೇ ಇಲ್ಲ. ಅದರ ಪಕ್ಕದ್ದೂ ಇಲ್ಲ. ಸುಮ್ನೆ ಅಂಕಿ ಓದುವಾಗ ಇಷ್ಟು ಸಂಕಟ ಆಗಿರಲಿಲ್ಲ.

ತೊಡಕು ಏನೆಂದರೆ ಹೆಸರು. ಎಲ್ಲರೂ ಮಕ್‌ನೀಲ್, ಮಕಿನ್ನನ್, ಕ್ಯಾಂಪ್‌ಬೆಲ್. ಅದರಲ್ಲಿ ಅರ್ಧ ಗಂಡಸರು ಜಾನ್, ಡೊನಾಲ್ಡ್, ರೊಡೆರಿಕ್. ನಮ್ಮ ಕಡೆ ಒಂದೇ ಊರಲ್ಲಿ ಹತ್ತು ಮಂಜುನಾಥರಿದ್ದರೆ ಅಪ್ಪನ ಹೆಸರೋ ಮನೆಯ ಹೆಸರೋ ಸೇರಿಸಿ ಗುರುತಿಸುತ್ತೇವಲ್ಲ, ಅವರೂ ಹಾಗೇ, ಮಗ, ಅಪ್ಪ, ಅಜ್ಜನ ಹೆಸರನ್ನು ಸಾಲಾಗಿ ಹೇಳುತ್ತಾರೆ. ಆದರೆ ಗಣತಿಯವನು ಅದನ್ನು ಬರೆದುಕೊಂಡಿಲ್ಲ. ಹಾಗಾಗಿ ನಾನು ವ್ಯಕ್ತಿಯನ್ನು ಬಿಟ್ಟು ಹಳ್ಳಿಯನ್ನು ಹಿಡಿದೆ. ಬೋರ್ವ್, ತಂಗಸ್‌ಡೇಲ್, ಬ್ರೆವಿಗ್, ಹೀಗೆ ಒಂದೊಂದು ಹಳ್ಳಿಗೆ ಒಂದು ಪಟ್ಟಿ. 1841ರ ಗಣತಿ ಬಳಸುವವರು ಒಂದು ವಿಷಯ ನೆನಪಿಡಿ. ಅದರಲ್ಲಿ 15 ದಾಟಿದವರ ವಯಸ್ಸನ್ನು ಐದರ ಲೆಕ್ಕಕ್ಕೆ ಇಳಿಸಿ ಬರೆಯುವುದು ರೂಢಿ, 39 ಇದ್ದವನು 35 ಆಗಿರುತ್ತಾನೆ. 1855ರಿಂದ ಈಚಿನ ಸಾವಿನ ದಾಖಲೆ ಸಿಕ್ಕರೆ ಬಿಡಬೇಡಿ, ಸತ್ತವರ ಅಪ್ಪ ಅಮ್ಮ ಇಬ್ಬರ ಹೆಸರೂ, ಅಮ್ಮನ ತವರಿನ ಹೆಸರೂ ಅದರಲ್ಲಿರುತ್ತದೆ.

ಪಟ್ಟಿಯಾದ ಮೇಲೆ ನಕ್ಷೆ. ಸ್ಕಾಟ್ಲೆಂಡಿನ ರಾಷ್ಟ್ರೀಯ ಗ್ರಂಥಾಲಯದವರು 1870ರ ದಶಕದ ಸರ್ವೆ ನಕ್ಷೆಗಳನ್ನು ಬಿಟ್ಟಿಯಾಗಿ ಇಟ್ಟಿದ್ದಾರೆ. ಸೂರು ಇರುವ ಮನೆಗೂ ಬರೀ ಗೋಡೆ ಉಳಿದ ಮನೆಗೂ ಅದರಲ್ಲಿ ಗುರುತು ಬೇರೆ. ಅದನ್ನು ಫೋನಿನಲ್ಲಿ ಹಾಕಿಕೊಂಡು ಗುಡ್ಡ ಹತ್ತಿದೆ. ಗೋಡೆ ಕುಸಿದಲ್ಲಿ ಹುಲ್ಲು ಬೆಳೆದಿದೆ, ಆದರೆ ಅದರ ಸುತ್ತಲಿನ ಇಳಿಜಾರಿನಲ್ಲಿ ಉದ್ದುದ್ದ ಏರಿ, ನಡುವೆ ಕಾಲುವೆ, ಮತ್ತೆ ಏರಿ. ತೆಳುವಾದ ಮಣ್ಣಿಗೆ ಕಡಲಕಳೆಯನ್ನೇ ಗೊಬ್ಬರವಾಗಿ ಹೊತ್ತು ತಂದು ಹಾಕಿ, ಮಣ್ಣು ಏರಿಸಿ ಆಲೂಗಡ್ಡೆ ನೆಟ್ಟ ಪಾತಿಗಳು. ಸಂಜೆಯ ಓರೆ ಬಿಸಿಲಿನಲ್ಲಿ ಅವು ಎದ್ದು ಕಾಣುತ್ತವೆ, ಮಧ್ಯಾಹ್ನ ಹೋದರೆ ಏನೂ ಕಾಣುವುದಿಲ್ಲ.

ಉಳಿದವರ ದನಿ ಬೇಕಾದರೆ, ಒಕ್ಕಲುಗಳ ಪಾಡು ತಿಳಿಯಲು ಸರ್ಕಾರ 1883ರಲ್ಲಿ ನೇಮಿಸಿದ ನೇಪಿಯರ್ ಆಯೋಗದ ವರದಿ ಓದಬೇಕು. ಆಯೋಗದವರು ಕ್ಯಾಸಲ್‌ಬೇಗೇ ಬಂದು ಬಡ ಒಕ್ಕಲುಗಳನ್ನು ಮಾತಾಡಿಸಿದರು, ಪ್ರಶ್ನೆ ಉತ್ತರ ಎಲ್ಲ ಅಚ್ಚಾಗಿದೆ. ಜನ ಮುಖ್ಯವಾಗಿ ಕೇಳಿದ್ದು ಭೂಮಿ. ಸಾಕಷ್ಟು ಸಿಗಲಿಲ್ಲ. ಕೊನೆಗೆ ವಾಟರ್ಸೆ ದ್ವೀಪಕ್ಕೆ ನುಗ್ಗಿ ಗುಡಿಸಲು ಹಾಕಿದರು. 1908ರಲ್ಲಿ ಅವರಲ್ಲಿ ಹತ್ತು ಜನ ಎಡಿನ್‌ಬರದಲ್ಲಿ ಜೈಲಿಗೆ ಹೋದರು. ದೊಡ್ಡ ಗಲಾಟೆಯಾಗಿ, ಮರುವರ್ಷ ಸರ್ಕಾರ ವಾಟರ್ಸೆಯನ್ನು ಕೊಂಡು ಹಂಚಿತು. ಆಗಿನ ಜಮೀನ್ದಾರಿಣಿ ಲೇಡಿ ಗಾರ್ಡನ್ ಕ್ಯಾತ್‌ಕಾರ್ಟ್ ಅರ್ಧ ಶತಮಾನ ಒಡೆತನ ನಡೆಸಿ ಈ ಕಡೆ ಬಂದದ್ದು ಒಂದೇ ಸಲ.

ಈಗ ಕೋಟೆಗೆ ಬರೋಣ. 1795ರಲ್ಲಿ ಬೆಂಕಿ ಬಿದ್ದ ಮೇಲೆ ಅದು ಹಾಳುಬಿದ್ದಿತ್ತು. 1870ರ ಹೊತ್ತಿಗೆ ಕ್ಯಾಸಲ್‌ಬೇಯಲ್ಲಿ ಹೆರಿಂಗ್ ಮೀನಿನ ವ್ಯಾಪಾರ ಶುರುವಾಯಿತು. ಹೆಂಗಸರು ಸಾಲಾಗಿ ನಿಂತು ಮೀನು ಸೀಳಿ, ಉಪ್ಪು ಹಾಕಿ, ಪೀಪಾಯಿ ತುಂಬುತ್ತಿದ್ದರು. ದೋಣಿ ಹೊಯ್ದಾಡದಿರಲಿ ಅಂತ ತಳದಲ್ಲಿ ತೂಕಕ್ಕೆ ಕಲ್ಲು ಬೇಕಲ್ಲ, ಅದಕ್ಕೆ ಕೋಟೆಯ ಕಲ್ಲುಗಳನ್ನು ಕಿತ್ತು ಒಯ್ದರು. ಕೋಟೆ ಹಾಳುಮಾಡಿದರು ಅಂತ ಮರುಗುವವರಿದ್ದಾರೆ. ನನಗೆ ಹಾಗನಿಸುವುದಿಲ್ಲ. ಕಾಯುವವರಿಲ್ಲದ ಗೋಡೆಯ ಕಲ್ಲು, ಹಸಿದ ಊರಿಗೆ ಅನ್ನ ತಂದ ದೋಣಿಗಳಿಗೆ ಹೋಯಿತು. ಅದೂ ಕೋಟೆಯ ಚರಿತ್ರೆಯೇ.

1937ರಲ್ಲಿ ಅಮೆರಿಕದಲ್ಲಿ ವಾಸ್ತುಶಿಲ್ಪಿಯಾಗಿದ್ದ ರಾಬರ್ಟ್ ಲಿಸ್ಟರ್ ಮಕ್‌ನೀಲ್ ಕೋಟೆಯನ್ನೂ ದ್ವೀಪದ ಬಹುಪಾಲು ಭೂಮಿಯನ್ನೂ ಕೊಂಡುಕೊಂಡರು. ಮರುವರ್ಷ ಕೆಲಸ ಹಿಡಿದರು, ನಡುವೆ ಯುದ್ಧ ಬಂತು, 1970ರಲ್ಲಿ ತೀರಿಕೊಳ್ಳುವ ಹೊತ್ತಿಗೆ ಕೋಟೆ ಮತ್ತೆ ಎದ್ದು ನಿಂತಿತ್ತು. ಹಾಗಾಗಿ ನೀವು ಇವತ್ತು ನೋಡುವುದರಲ್ಲಿ ಬಹಳಷ್ಟು 20ನೇ ಶತಮಾನದ ಕೆಲಸ. ಫೋಟೋ ಹಾಕಿ "ಮಧ್ಯಕಾಲದ ಕೋಟೆ" ಅಂತ ಬರೆಯುವ ಮೊದಲು ಹಳೆಯ ಫೋಟೋಗಳನ್ನು ಹುಡುಕಿ ನೋಡಿ. ಅವರ ಮಗ ಇಯಾನ್ ಮಕ್‌ನೀಲ್ ಕರಾರು ಕಾನೂನಿನ ದೊಡ್ಡ ವಿದ್ವಾಂಸರಾಗಿದ್ದರು. ಅವರು 2000ದಲ್ಲಿ ಕೋಟೆಯನ್ನು ಸರ್ಕಾರದ ಪರಂಪರೆ ಇಲಾಖೆಗೆ 1,000 ವರ್ಷಕ್ಕೆ ಗುತ್ತಿಗೆ ಕೊಟ್ಟರು. ವರ್ಷದ ಬಾಡಿಗೆ ಒಂದು ಪೌಂಡ್ ಮತ್ತು ಒಂದು ಬಾಟಲಿ ಟ್ಯಾಲಿಸ್ಕರ್ ವಿಸ್ಕಿ. ಸುದ್ದಿಯಾದದ್ದು ಆ ಬಾಟಲಿ. ಆಮೇಲೆ ಅವರು ಒಕ್ಕಲುಗಳಿದ್ದ ಭೂಮಿಯನ್ನು ಸ್ಕಾಟ್ಲೆಂಡ್ ಸರ್ಕಾರಕ್ಕೆ ಬಿಟ್ಟುಕೊಟ್ಟರು, ದ್ವೀಪದವರು ಮುಂದೆ ಬಯಸಿದರೆ ತಾವೇ ಅದನ್ನು ವಹಿಸಿಕೊಳ್ಳಬಹುದು ಅನ್ನುವ ಏರ್ಪಾಟಿನೊಂದಿಗೆ. ನನ್ನ ಬರಹದಲ್ಲಿ ಬಾಟಲಿಗೆ ಒಂದು ಸಾಲು, ಈ ಭೂಮಿಗೆ ಎರಡು ಪುಟ ಕೊಟ್ಟಿದ್ದೇನೆ.

ಸದ್ಯ 1851ರ ಪಟ್ಟಿಯನ್ನು ಹಿಡಿದು ಕೆನಡಾದ ಕಡೆಯ ಗಣತಿ ಹಾಳೆಗಳಲ್ಲಿ ಆ ಮನೆಗಳನ್ನು ಹುಡುಕುತ್ತಿದ್ದೇನೆ. ಬ್ರೆವಿಗ್ ಹಳ್ಳಿಯಿಂದ ಶುರು ಮಾಡಿದ್ದೇನೆ.