ಹಾರುವ ಹುಡುಗಿಯನ್ನು ನೆಲಕ್ಕಿಳಿಸಿದ್ದು

ನನ್ನ ಕತೆಯ ಹುಡುಗಿಗೆ ಮೊದಲು ಹಾರುವ ಶಕ್ತಿ ಕೊಟ್ಟಿದ್ದೆ. ಹದಿನಾಲ್ಕು ವರ್ಷ, ಮುಖದ ತುಂಬ ಮೊಡವೆ, ಗಣಿತ ಅಂದರೆ ನಡುಕ. ಬೇಜಾರಾದಾಗಲೆಲ್ಲ ಅವಳು ಟೆರೇಸಿನಿಂದ ಹಾರಿ ಹೋಗುತ್ತಿದ್ದಳು, ಅಲ್ಲಿಗೆ ಅಧ್ಯಾಯ ಮುಗೀತು. ಹೀಗೇ 28 ಪುಟ ಬರೆದೆ. ಅಣ್ಣನ ಮಗಳಿಗೆ ಓದಲು ಕೊಟ್ಟೆ, ಅವಳಿಗೂ ಆಗ ಹದಿನಾಲ್ಕೇ. "ಅತ್ತೆ, ಇವಳಿಗೇನು ಕಷ್ಟ? ಹಾರಿ ಹೋಗ್ತಾಳೆ. ನಾನು ನಾಳೆ ಅದೇ ಕ್ಲಾಸಿಗೆ ಹೋಗಿ ಕೂತ್ಕೋಬೇಕಲ್ಲ" ಅಂದಳು.

ಅಷ್ಟೂ ಪುಟ ಪಕ್ಕಕ್ಕಿಟ್ಟೆ. ಹರಿದು ಹಾಕಿದೆ ಅಂತ ಬರೆದರೆ ಚೆನ್ನಾಗಿ ಕಾಣುತ್ತದೆ, ಆದರೆ ಕಂಪ್ಯೂಟರಿನಲ್ಲಿ ಇನ್ನೂ ಇದೆ.

ಹದಿಹರೆಯದವರಿಗೆ ಶಕ್ತಿ ಕೊಟ್ಟು ಕತೆ ಹೇಳುವ ಈ ದಾರಿಯನ್ನು ಕಾಮಿಕ್ಸ್ ಬರೆಯುವವರು ಎಂದೋ ತುಳಿದಿದ್ದಾರೆ. 1962ರಲ್ಲಿ ಬಂದ ಸ್ಪೈಡರ್‌ಮ್ಯಾನ್ ಹೈಸ್ಕೂಲು ಹುಡುಗ. ಆದರೆ ನನಗೆ ಹೆಚ್ಚು ಕಲಿಸಿದ್ದು ಕಾಮಿಕ್ಸಿನದೇ ಹದಿಹರೆಯದ ನಾಯಕಿ ಕಮಲಾ ಖಾನ್. ಅವಳದೇ ಸರಣಿ ಶುರುವಾಗಿದ್ದು 2014ರಲ್ಲಿ. ಮೈಯ ಆಕಾರ ಬದಲಿಸುವ ಶಕ್ತಿ ಸಿಕ್ಕ ಕೂಡಲೇ ಅವಳು ಏನು ಮಾಡುತ್ತಾಳೆ ಗೊತ್ತಾ? ತಾನು ಮೆಚ್ಚಿದ ಹೊಂಗೂದಲಿನ ನಾಯಕಿಯ ಹಾಗೇ ಆಗಿಬಿಡುತ್ತಾಳೆ. ಕನ್ನಡಿ ನೋಡಲು ಇಷ್ಟವಿಲ್ಲದ ವಯಸ್ಸಿಗೆ ಹೇಳಿ ಮಾಡಿಸಿದಂಥ ಶಕ್ತಿ. ನಾನು ಶಕ್ತಿಯನ್ನು ಮೊದಲು ಆರಿಸಿ, ಕಷ್ಟವನ್ನು ಆಮೇಲೆ ಅಂಟಿಸಿದ್ದೆ. ತಪ್ಪಿದ್ದೇ ಅಲ್ಲಿ.

ಸರಿ, ನನ್ನ ಹುಡುಗಿಯ ಕಷ್ಟ ಯಾವುದು? ನನ್ನದೇ ಹದಿನಾಲ್ಕನೇ ವಯಸ್ಸನ್ನು ನೆನಪು ಮಾಡಿಕೊಂಡೆ. ಕ್ಲಾಸಿಗೆ ಕಾಲಿಟ್ಟರೆ ಸಾಕು, ಎಲ್ಲರೂ ನನ್ನನ್ನೇ ನೋಡ್ತಿದ್ದಾರೆ, ನನ್ನ ವಿಷಯವೇ ಮಾತಾಡ್ತಿದ್ದಾರೆ ಅನ್ನಿಸುತ್ತಿತ್ತು. ಡೇವಿಡ್ ಎಲ್ಕೈಂಡ್ ಎಂಬ ಮನಶ್ಶಾಸ್ತ್ರಜ್ಞರು 1967ರಲ್ಲೇ ಇದರ ಬಗ್ಗೆ ಬರೆದು, ‘ಕಲ್ಪನೆಯ ಪ್ರೇಕ್ಷಕರು’ ಎಂಬ ಅರ್ಥದ ಹೆಸರಿಟ್ಟಿದ್ದಾರೆ. ಹಾಗಾದರೆ ಇವಳಿಗೆ ದೂರದ ಮಾತು ಕೇಳಿಸಲಿ, ಏನಾಗುತ್ತದೋ ನೋಡೋಣ ಅಂದುಕೊಂಡೆ.

ಶುರು ಮಾಡಲು ಒಂದು ನಿಜವಾದ ಸಂಗತಿಯೇ ಸಿಕ್ಕಿತು. ಮನುಷ್ಯರ ಕಿವಿಗೆ ಕೇಳುವುದು ಸುಮಾರು 20ರಿಂದ 20,000 ಹರ್ಟ್ಜ್‌ವರೆಗಿನ, ಅಂದರೆ ಸೆಕೆಂಡಿಗೆ ಅಷ್ಟು ಸಲ ಕಂಪಿಸುವ, ಸದ್ದು. ವಯಸ್ಸಾದ ಹಾಗೆ ಮೇಲಿನ ತುದಿ ಮೊದಲು ಮಂಕಾಗುತ್ತದೆ. 17,000 ಹರ್ಟ್ಜ್‌ನ ಸಣ್ಣ ಕೀರಲು ದನಿ ಮಕ್ಕಳಿಗೆ ಕೇಳುತ್ತದೆ, ದೊಡ್ಡವರಲ್ಲಿ ಹೆಚ್ಚಿನವರಿಗೆ ಕೇಳುವುದಿಲ್ಲ. ಹಾಗಾಗಿ ಮೊದಲ ಪುಟದಲ್ಲಿ ಹುಡುಗಿ, "ಮಿಸ್, ಆ ಚಾರ್ಜರ್ ಕುಂಯ್ ಅಂತಿದೆ" ಅನ್ನುತ್ತಾಳೆ. ಮಿಸ್‌ಗೆ ಏನೂ ಕೇಳುವುದಿಲ್ಲ. ಸುಮ್ನೆ ಪಾಠ ಕೇಳು ಅಂತ ಬೈಸಿಕೊಳ್ಳುತ್ತಾಳೆ. ಅಲ್ಲಿಂದ ದಿನದಿನಕ್ಕೂ ಕಿವಿ ಚುರುಕಾಗುತ್ತಾ ಹೋಗುತ್ತದೆ.

ಕಿವಿಗೆ ರೆಪ್ಪೆ ಇಲ್ಲ, ಅದೇ ಅವಳ ಪಾಡು. ಆ ವಯಸ್ಸಿನಲ್ಲಿ ದಿನಕ್ಕೆ 8ರಿಂದ 10 ಗಂಟೆ ನಿದ್ದೆ ಬೇಕು. ಆದರೆ ದೇಹದೊಳಗಿನ ಗಡಿಯಾರವೇ ನಿಧಾನವಾಗಿ, ರಾತ್ರಿ ಬೇಗ ನಿದ್ದೆ ಹತ್ತುವುದಿಲ್ಲ. ಇವಳಿಗೆ ಅದರ ಮೇಲೆ ಪಕ್ಕದ ಮನೆಯ ಗೋಡೆ ಗಡಿಯಾರ ಬೇರೆ. ನೆಗಡಿಯಾಗಿ ಕಿವಿ ಕಟ್ಟಿತು ಅಂದರೆ ಹಬ್ಬ. ಆ ಮೂರು ದಿನ ಅವಳು ಹೊಟ್ಟೆ ತುಂಬ ನಿದ್ದೆ ಮಾಡುತ್ತಾಳೆ.

ಒಬ್ಬ ಖಳನಾಯಕನೂ ಇದ್ದ. ಮೂರನೇ ಸಲ ಬರೆಯುವಾಗ ತೆಗೆದುಹಾಕಿದೆ. ಯೂನಿಟ್ ಟೆಸ್ಟ್ ಮುಂದೆ ಅವನು ತೀರಾ ಸಪ್ಪೆ.

ಅವನ ಜಾಗಕ್ಕೆ ಗೆಳತಿ ಬಂದಳು. ಗೆಳತಿಯ ಮನೆಯಲ್ಲಿ ಅಪ್ಪ ಅಮ್ಮ ರಾತ್ರಿ ಜಗಳವಾಡುವುದು ಇವಳಿಗೆ ಕೇಳಿಸುತ್ತದೆ. ಬೆಳಿಗ್ಗೆ ತಡೆಯಲಾಗದೆ, "ಎಲ್ಲಾ ಸರಿ ಹೋಗುತ್ತೆ ಬಿಡೇ" ಅನ್ನುತ್ತಾಳೆ. ಗೆಳತಿ ತಿರುಗಿ, "ನಿನಗೆ ಯಾರು ಹೇಳಿದ್ದು?" ಅಂತ ಕೇಳುತ್ತಾಳೆ. ಈ ಒಂದು ಮಾತಿಗೆ ಏನು ಉತ್ತರ ಕೊಡಿಸಬೇಕು ಅಂತ ನಾನು ಎರಡು ವಾರ ಒದ್ದಾಡಿದ್ದೇನೆ. ಕೊನೆಗೆ ಉತ್ತರವನ್ನೇ ಕೊಡಿಸಲಿಲ್ಲ. ಗೆಳತಿ ಬೇರೆ ಬೆಂಚಿಗೆ ಹೋಗಿ ಕೂರುತ್ತಾಳೆ, ಅಷ್ಟೇ.

ಮುಖ್ಯ ದೃಶ್ಯ ಆಟದ ಮೈದಾನದ್ದು. ಗೆಳತಿಯರ ಗುಂಪು ಸುಮಾರು 170 ಮೀಟರ್ ಆಚೆ ಕೂತಿದೆ. ಗಾಳಿಯಲ್ಲಿ ಸದ್ದು ಸೆಕೆಂಡಿಗೆ ಹೆಚ್ಚುಕಡಿಮೆ 340 ಮೀಟರ್ ಹೋಗುತ್ತದೆ. ಅಂದರೆ ಅವರು ಹೊಟ್ಟೆ ಹಿಡಿದು ನಗುವುದು ಇವಳಿಗೆ ಮೊದಲು ಕಾಣುತ್ತದೆ, ನಗು ಕೇಳುವುದು ಅರ್ಧ ಸೆಕೆಂಡಿನ ನಂತರ. ಆ ಅರ್ಧ ಸೆಕೆಂಡಿಗೇ ಒಂದು ಪುಟ ಕೊಟ್ಟೆ. ನನ್ನ ಮೊಡವೆಗೆ ನಗ್ತಿದ್ದಾರಾ, ನನ್ನ ನಡಿಗೆಗಾ, ನೆನ್ನೆ ಬೋರ್ಡಿನ ಮುಂದೆ ತೊದಲಿದ್ದಕ್ಕಾ.

ಮೊದಲ ಸಲ ಬರೆದಾಗ ಅವರು ನಿಜಕ್ಕೂ ಅವಳನ್ನೇ ಆಡಿಕೊಳ್ಳುತ್ತಿದ್ದರು. ಓದಿದರೆ ಕಣ್ಣಲ್ಲಿ ನೀರು ಬರಬೇಕು ಅಂತ ನನ್ನ ಆಸೆ. ಬರಲಿಲ್ಲ, ನಾಟಕದ ಹಾಗಿತ್ತು. ಆಮೇಲೆ ತಿದ್ದಿದೆ. ಈಗ ಅವರು ಯಾರದೋ ಚೀಲದ ಜಿಪ್ಪು ಕಿತ್ತುಹೋದ ಕತೆ ಹೇಳಿಕೊಂಡು ನಗುತ್ತಿದ್ದಾರೆ. ಹುಡುಗಿ ಬಿಡುವಿನ ಗಂಟೆ ಹೊಡೆಯುವವರೆಗೂ ಕಿವಿಗೊಟ್ಟು ಕೂರುತ್ತಾಳೆ.

ಆ ಪುಟ ಓದುತ್ತಿದ್ದ ಅಣ್ಣನ ಮಗಳು ತಲೆ ಎತ್ತಿ, "ಒಂದು ಸಲಾನೂ ಇವಳ ಹೆಸರು ಬರಲ್ವಾ ಅತ್ತೆ?" ಅಂದಳು.

"ಇಲ್ಲ ಕಣೇ."

ನನ್ನ ಮಾತು ನಂಬದೆ, ಹಿಂದಿನ ಎರಡು ಪುಟ ತಿರುಗಿಸಿ ಬೆರಳಿಟ್ಟು ಹುಡುಕಿದಳು.