ಹಿನ್ನೀರಿನ ದೋಣಿಗೆ ವಾರ್ನಿಶ್: ನನ್ನ ಅನುಭವ

ಮೂರು ಬೇಸಿಗೆ ದಾಟಿತು, ದೋಣಿಗೆ ಹಚ್ಚಿದ ವಾರ್ನಿಶ್ ಎಲ್ಲೂ ಸುಲಿದು ಎದ್ದಿಲ್ಲ. ಈಗ ಬರೆದರೆ ತಪ್ಪಿಲ್ಲ.

ಮುನಿರಾಬಾದ್‌ನ ತುಂಗಭದ್ರಾ ಡ್ಯಾಂ ಹಿನ್ನೀರಲ್ಲಿ ಸಾಹುಕಾರರೊಬ್ಬರ ಮರದ ದೋಣಿ ಇದೆ, ಹದಿನೆಂಟು ಅಡಿ ಇರಬೇಕು. ಅಂಚುಪಟ್ಟಿ, ಕೂರುವ ಹಲಗೆ ಸಾಗವಾನಿ. ಮೂತಿಗೆ ಹಿತ್ತಾಳೆ ಪಟ್ಟಿ, ಹಗ್ಗ ಕಟ್ಟಲು ಎರಡು ಹಿತ್ತಾಳೆ ಗೂಟ. ಕೆಲಸ ಹಿಡಿದಾಗ ಗಂಗಾವತಿಯ ಹಿರಿಯ ಮೇಸ್ತ್ರಿ, "ತಮ್ಮಾ, ಕೊಪ್ಪಳದ ಬಿಸಲಾಗ ವಾರ್ನಿಶ್ ನಿಂದರೂದಿಲ್ಲ. ಪೇಂಟ್ ಬಡದು ಕೈ ತೊಳಕೋ" ಅಂದಿದ್ದರು.

ಮೊದಲ ಸಲ ಅವರ ಮಾತೇ ನಿಜವಾಯಿತು. ಬಾಗಿಲಿಗೆ ಹೊಡೆದ ಧೈರ್ಯದಲ್ಲಿ ಮೆಲಮೈನ್ ಹೊಡೆದೆ, ಮನೆಯೊಳಗಿನ ಮರಕ್ಕೆ ಹೊಡೆಯುವ ಗಡಸು ಪಾಲಿಶ್ ಅದು. ಕನ್ನಡಿ ಹಾಗೆ ಹೊಳೆಯಿತು. ಏಪ್ರಿಲ್‌ನಲ್ಲಿ ಉಗುರು ಹಾಕಿದರೆ ಹಾಳೆ ಹಾಳೆಯಾಗಿ ಎದ್ದು ಬಂತು. ಬೇಸಿಗೆಯಲ್ಲಿ ನೀರು ಹಿಂದೆ ಸರಿದು ದೋಣಿ ತಿಂಗಳುಗಟ್ಟಲೆ ದಡದಲ್ಲಿ ಒಣಗುತ್ತದೆ, ಮರ ಕುಗ್ಗುತ್ತದೆ. ಮತ್ತೆ ನೀರಿಗಿಳಿದರೆ ಹಿಗ್ಗುತ್ತದೆ. ಗಡಸು ಪದರ ಅದರ ಜೊತೆ ಆಡುವುದಿಲ್ಲ. ಒಂಬತ್ತು ಸಾವಿರ ಹೋಯಿತು.

ಎರಡನೇ ಸಲ ದೋಣಿಗೆಂದೇ ಬರುವ ವಾರ್ನಿಶ್ ತರಿಸಿದೆ, ಲೀಟರಿಗೆ ಸಾವಿರದ ಮೇಲೆ. ಆದರೆ ಕೋಟಿನ ನಡುವೆ ಸ್ಟೀಲ್ ವುಲ್, ಅಂದರೆ ಕಬ್ಬಿಣದ ಸಣ್ಣ ಎಳೆಗಳ ಉಂಡೆ, ಉಜ್ಜಿದೆ. ಮಳೆ ಶುರುವಾಗಿ ಎರಡು ವಾರಕ್ಕೆ ವಾರ್ನಿಶ್ ಒಳಗೇ ಎಳ್ಳು ಚೆಲ್ಲಿದ ಹಾಗೆ ಕಪ್ಪು ಚುಕ್ಕೆ. ಮುರಿದು ಉಳಿದ ಕಬ್ಬಿಣದ ಎಳೆ ತುಕ್ಕು ಹಿಡಿದಿತ್ತು. ಎಲ್ಲ ಕಿತ್ತು, ಕಲೆ ತೆಗೆಯುವ ಆಕ್ಸಾಲಿಕ್ ಆಸಿಡ್ ಬಳಿದು ಮರ ತಿಳಿಯಾಗಿಸಲು ಐದು ದಿನ ಹಿಡಿಯಿತು. ಆ ಐದು ದಿನದ ಕೂಲಿ ನಾನು ಕೇಳಲಿಲ್ಲ.

2022ರ ಡಿಸೆಂಬರ್‌ನಲ್ಲಿ ಮಾಡಿದ್ದು ನಿಂತಿತು. ಬರಿ ಮರವನ್ನು ಥಿನ್ನರ್ ಬಟ್ಟೆಯಿಂದ ಒರೆಸಿ ಸಾಗವಾನಿಯ ಜಿಡ್ಡು ತೆಗೆದೆ. ಆರಿದ ತಕ್ಷಣ ಮೊದಲ ಕೋಟು, ಅರ್ಧ ವಾರ್ನಿಶ್ ಅರ್ಧ ಟರ್ಪೆಂಟೈನ್. ಎರಡನೆಯದಕ್ಕೆ ಟರ್ಪೆಂಟೈನ್ ಕಾಲು ಭಾಗ. ಆಮೇಲೆ ಡಬ್ಬಿಯದ್ದೇ, ದಿನಕ್ಕೊಂದೇ ಕೋಟು, ಒಟ್ಟು ಎಂಟು. ನಡುವೆ 320ರ ವಾಟರ್ ಪೇಪರ್, ಅಂದರೆ ನೀರು ಹಾಕಿ ಉಜ್ಜುವ ನುಣುಪು ಉಜ್ಜುಕಾಗದ. ಹಲಗೆಯ ಕೊಯ್ದ ತುದಿ ಕುಡಿಯುತ್ತಲೇ ಇರುತ್ತದೆ, ಅಲ್ಲಿ ಮೂರು ಹೆಚ್ಚು. ಇಬ್ಬನಿ ಆರಿದ ಮೇಲೆ, ಗಾಳಿ ಧೂಳು ಎಬ್ಬಿಸುವ ಮೊದಲು ಸಿಗುವ ಎರಡು ತಾಸು ಮಾತ್ರ ಕೆಲಸ. ಮಧ್ಯಾಹ್ನ ಹಚ್ಚಿದರೆ ಗುಳ್ಳೆ ಖಾತ್ರಿ. ಮೊದಲ ಕೋಟಿಗೆ ಇನ್ನೊಂದು ಎಣ್ಣೆ ಹನಿಸುತ್ತೇನೆ. ಯಾವುದು, ಎಷ್ಟು ಅನ್ನುವುದು ನನ್ನ ಹೊಟ್ಟೆಪಾಡು, ಬರೆಯುವುದಿಲ್ಲ.

ಅಷ್ಟು ಮಾಡಿ ಮರೆತರೆ ಅದೂ ಏಳುತ್ತದೆ. ನಾನು ಬೆರಳಿಂದ ನೀರು ಚಿಮುಕಿಸಿ ನೋಡುತ್ತೇನೆ. ಹನಿ ಮುತ್ತಾಗಿ ನಿಂತರೆ ಸರಿ, ಹರಡಿ ಮಲಗಿದರೆ ಆ ವಾರವೇ ಹಗುರಾಗಿ ಉಜ್ಜಿ ಎರಡು ಕೋಟು. ವರ್ಷಕ್ಕೆ ಎರಡೂವರೆ ಸಾವಿರದೊಳಗೆ ಮುಗಿಯುತ್ತದೆ. ಪೂರಾ ಕಿತ್ತು ಮಾಡಿದರೆ ಹನ್ನೆರಡು. 2024ರ ಆಗಸ್ಟ್‌ನಲ್ಲಿ ಡ್ಯಾಂನ 19ನೇ ಗೇಟು ಕೊಚ್ಚಿಹೋಗಿ ನೀರು ಇಳಿದಾಗ ದೋಣಿ ಕೆಸರಲ್ಲಿ ಓರೆಯಾಗಿ ಕೂತು, ಹಗ್ಗ ಜಗ್ಗಿ ಅಂಚುಪಟ್ಟಿ ಒಂದು ಗೇಣು ಸವೆಯಿತು. ಅಷ್ಟೇ ಜಾಗಕ್ಕೆ ವಾರ್ನಿಶ್ ಹಚ್ಚಿ ಹಳೆಯದಕ್ಕೆ ಕೂಡಿಸಿದೆ. ಈಗ ಸಾಹುಕಾರರಿಗೇ ಗುರುತು ಸಿಗುವುದಿಲ್ಲ.

ಬಿರುಕಿಗೆ ಕಿನ್ನಾಳ ಗೊಂಬೆಯವರ ಕಿಟ್ಟ ತುಂಬಿ ನೋಡಿದ್ದೆ. ಹುಣಸೆಬೀಜದ ಅಂಟು, ಗೋಣಿ ಚಿಂದಿಯ ಪುಡಿ, ಒಣಗಿದರೆ ಕಲ್ಲಿನಂಥದ್ದು. ನೀರು ತಾಗಿದ ಮೂರೇ ದಿನಕ್ಕೆ ಅಂಬಲಿಯಾಯಿತು. ಗೊಂಬೆ ಮನೆಯೊಳಗೆ ಇರುವಂಥದ್ದು, ಅಲ್ಲಿಗೆ ಅದೇ ಚಂದ.

ಹಿತ್ತಾಳೆಯನ್ನು ಮರದ ಮೇಲಿಟ್ಟು ತಿಕ್ಕಬೇಡಿ. ಡಬ್ಬಿಯ ಪಾಲಿಶ್ ಮರದ ಗೆರೆಗಿಳಿದರೆ ಬಿಳಿ ಹೋಗುವುದಿಲ್ಲ. ಬಿಚ್ಚಿ ತಿಕ್ಕುತ್ತೇನೆ. ಹುಣಸೆಹಣ್ಣು, ಉಪ್ಪು ಸಾಕು, ಆದರೆ ಆ ಹುಳಿ ಉಳಿದರೆ ಎರಡು ದಿನಕ್ಕೆ ಹಸಿರು. ಅಡುಗೆ ಸೋಡಾ ನೀರಲ್ಲಿ ತೊಳೆದು, ಬಿಸಿಲಿಗೆ ಕಾಯಿಸಿ, ಆ ಬಿಸಿಯಲ್ಲೇ ಜೇನುಮೇಣ ಸವರುತ್ತೇನೆ. ಕಾರಿನ ವ್ಯಾಕ್ಸ್ ಬೇಡ. ಆ ಬಟ್ಟೆ ಒಮ್ಮೆ ಹಲಗೆಗೆ ತಾಗಿ, ಮುಂದಿನ ಕೋಟು ಅಲ್ಲೆಲ್ಲ ಕುಳಿ ಬಿಟ್ಟು ಸರಿಯಿತು. ಕಬ್ಬಿಣದ ಸ್ಕ್ರೂ ಎಲ್ಲ ತೆಗೆದು ಹಿತ್ತಾಳೆಯವು ಹಾಕಿದ್ದಕ್ಕೆ ಎಂಟುನೂರು ಆಯಿತು, ತೂತಿನ ಸುತ್ತ ಕಪ್ಪಾಗುವುದು ನಿಂತಿತು.

ಹೋದ ಮೇ ತಿಂಗಳು ಮೇಸ್ತ್ರಿ ಬಂದು ಅಂಚಿಗೆ ಹೆಬ್ಬೆರಳ ಉಗುರು ಹಾಕಿ ಉದ್ದಕ್ಕೂ ಎಳೆದರು. "ಎಷ್ಟು ಕೋಟು?" ಅಂದರು. "ಎಂಟು ರೀ" ಅಂದೆ. ಆನೆಗೊಂದಿ ಕಡೆ ಅವರು ಹಿಡಿದ ಹಳೇ ವಾಡೆ (ದೊಡ್ಡ ಮನೆ) ಬಾಗಿಲಿನ ಕೆಲಸಕ್ಕೆ ಈಗ ನನ್ನನ್ನೇ ಕರೆದಿದ್ದಾರೆ, ದಿನಕ್ಕೆ 1,200.